ನಮ್ಮ ದೇಹದ ಲೆಕ್ಕಪತ್ರ

ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲು ನಂಜನಗೂಡನ್ನು ಬಿಟ್ಟು ಮುಂದೆ ಸಾಗಿದರೆ ಬದನವಾಳು ಸಿಕ್ಕುತ್ತದೆ. ಖಾದಿಯ ಚರಿತ್ರೆಯನ್ನು ಬಲ್ಲವರಿಗೆ ಈ ಊರಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. 1927ರಲ್ಲಿ ಇಲ್ಲಿ ಖಾದಿ ಕೇಂದ್ರವು ಆರಂಭವಾಯಿತು. ಗಾಂಧೀಜಿಯವರು ಬಂದುಹೋದುದನ್ನು ಊರು ಇಂದಿಗೂ ನೆನೆಯುತ್ತದೆ. ರಾಟೆ ಎಂಥ ಯಂತ್ರವೆಂದರೆ, ಅದನ್ನು ತಿರುಗಿಸುವ ಕೈಗೆ ಅದರ ಒಳಗುಟ್ಟೆಲ್ಲ ತಿಳಿದಿರುತ್ತದೆ. ಕೆಟ್ಟರೆ ನೂಲುವವಳೇ ಸರಿಮಾಡಿಕೊಳ್ಳಬಲ್ಲಳು. ಈ ಮಾತನ್ನು ವಾಚಕರು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಂಡಿರಬೇಕು. ನಾವು ಇಲ್ಲಿ ವಿವರಿಸಹೊರಟಿರುವುದು ರಾಟೆಯ ವಿಷಯವನ್ನಲ್ಲ; ಇಂಥ ಊರುಗಳ ಮನೆಗಳಲ್ಲಿ ಗೋಡೆಯ ಮೊಳೆಗೆ ತೂಗುಹಾಕಿರುವ ಒಂದು ಚೀಲದ ವಿಷಯವನ್ನು.

ಚೀಲವೆಂದರೆ ಸಾಮಾನ್ಯವಾಗಿ ಯಾವುದೋ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಕೈಹಾಕಿದರೆ ಏನೆಲ್ಲ ಸಿಕ್ಕುತ್ತದೆ! ಸೊಸೆಯ ಹೆರಿಗೆಯ ಕಾಲದ ತಾಯಿ ಕಾರ್ಡು, ಮೊಮ್ಮಗುವಿನ ಚುಚ್ಚುಮದ್ದಿನ ದಿನಾಂಕಗಳು, ಅತ್ತೆಯ ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆಯ ಚೀಟಿಗಳು, ಮಾವನ ಎದೆಯ ಎಕ್ಸ್‌ರೇ, ಔಷಧದ ಅಂಗಡಿಯ ರಸೀತಿ, ಅರ್ಧ ಕತ್ತರಿಸಿದ ಮಾತ್ರೆಯ ಹಾಳೆ. ಯಾವುದು ಯಾರದು, ಯಾವುದು ಮೊದಲಿನದು, ಯಾವುದು ಈಚಿನದು ಎಂಬುದನ್ನು ಬಲ್ಲವರು ಮನೆಯಲ್ಲಿ ಒಬ್ಬರೇ ಇರುತ್ತಾರೆ. ಬಹುಮಟ್ಟಿಗೆ ಅವರು ಆ ಮನೆಯ ಹೆಂಗಸು. ಆಕೆ ತವರಿಗೆ ಹೋಗಿದ್ದ ವಾರದಲ್ಲಿಯೇ ಯಾರಿಗಾದರೂ ಕಾಯಿಲೆ ಜೋರಾದರೆ ಚೀಲವಿದ್ದೂ ಇಲ್ಲದಂತೆಯೇ. ಎಕ್ಸ್‌ರೇ ಹಾಳೆಗೆ ಮಾತ್ರ ನಮ್ಮ ಜನ ಒಂದು ಕಾಲಕ್ಕೆ ಬೇರೊಂದು ಉಪಯೋಗವನ್ನು ಕಂಡುಕೊಂಡಿದ್ದರು: ಸೂರ್ಯಗ್ರಹಣವನ್ನು ನೋಡುವುದು. ಅದರಿಂದ ಕಣ್ಣಿಗೆ ಅಪಾಯವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಈಗ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇರುವ ಆ ಅತ್ತೆಗೆ ಮಂಡಿನೋವು ಬಂದಿತೆಂದು ಇಟ್ಟುಕೊಳ್ಳೋಣ. ಸಕ್ಕರೆಗೆ ಆಕೆ ತೋರಿಸುವುದು ಸರ್ಕಾರಿ ಆಸ್ಪತ್ರೆಯಲ್ಲಿ; ಹಿಂದಿನ ವರ್ಷ ಕಾಲು ಊದಿಕೊಂಡಾಗ ತೋರಿಸಿದ್ದು ಮೈಸೂರಿನಲ್ಲಿ; ಮಂಡಿನೋವಿಗೆ ಹೋದದ್ದು ಪೇಟೆಯ ಮತ್ತೊಬ್ಬ ವೈದ್ಯರ ಬಳಿಗೆ. “ಈಗ ಯಾವ ಯಾವ ಮಾತ್ರೆ ತಗೋತಾ ಇದ್ದೀರಮ್ಮ?” ಎಂದು ಅವರು ಕೇಳುತ್ತಾರೆ. “ಬೆಳಗ್ಗೆ ಒಂದು ಬಿಳೀದು, ರಾತ್ರಿಗೆ ಒಂದು ಸಣ್ಣದು ಡಾಕ್ಟ್ರೇ. ಸಣ್ಣದು ಯಾತಕ್ಕೋ ಕಾಣೆ.” ಬಿಳಿಯ ಮಾತ್ರೆಗಳು ಲೋಕದಲ್ಲಿ ಸಾವಿರವಿವೆ. ಅಷ್ಟೇ ಅಲ್ಲದೆ ಅದೇ ಔಷಧವನ್ನು ಬೇರೊಂದು ಕಂಪನಿ ಮಾಡಿದರೆ ಬಿಳಿಯದು ಹಳದಿಯಾಗಬಹುದು, ಗುಂಡಗಿದ್ದದ್ದು ಉದ್ದವಾಗಬಹುದು. ಹೊರಗೆ ಇನ್ನೂ ನಲವತ್ತು ಜನ ಕಾದಿದ್ದಾರೆ. ವೈದ್ಯರು ನೋವಿಗೆ ಒಂದು ಮಾತ್ರೆಯನ್ನು ಬರೆದುಕೊಡುತ್ತಾರೆ.

ಇದರಲ್ಲಿ ಅಪಾಯವೇನು? ಮೂತ್ರಪಿಂಡದೊಳಗೆ ರಕ್ತವನ್ನು ಸೋಸುವ ಸೂಕ್ಷ್ಮವಾದ ಗಂಟುಗಳಿವೆ. ಅವುಗಳಿಗೆ ರಕ್ತವನ್ನು ತರುವ ಕಿರುನಾಳಗಳನ್ನು, ವಿಶೇಷವಾಗಿ ಮೂತ್ರಪಿಂಡವು ಆಗಲೇ ದುರ್ಬಲವಾಗಿರುವಾಗ, ತೆರೆದಿಡಲು ನೆರವಾಗತಕ್ಕವು ಪ್ರೋಸ್ಟಗ್ಲಾಂಡಿನ್ ಎಂಬ ಪದಾರ್ಥಗಳು. ಡೈಕ್ಲೊಫೆನಾಕ್ ಮೊದಲಾದ ನೋವಿನ ಮಾತ್ರೆಗಳು ನೋವನ್ನು ತಗ್ಗಿಸುವುದು ಇದೇ ಪದಾರ್ಥಗಳ ಉತ್ಪತ್ತಿಯನ್ನು ತಡೆದು. ನೋವೇನೋ ಇಳಿಯುತ್ತದೆ, ಜೊತೆಗೆ ಮೂತ್ರಪಿಂಡಕ್ಕೆ ಹೋಗುವ ರಕ್ತವೂ ಇಳಿಯುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಗಳೂ ಮೂತ್ರ ಹೆಚ್ಚಿಸುವ ಮಾತ್ರೆಯೂ ಜೊತೆಗೆ ಸೇರಿದರೆ ಮೂತ್ರಪಿಂಡವು ಕೆಲವೇ ದಿನಗಳಲ್ಲಿ ಸೋತುಹೋಗಬಹುದು. ಮೈಸೂರಿನಲ್ಲಿ ಹಿಂದಿನ ವರ್ಷ ಮಾಡಿದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಂಬ ಕಲ್ಮಷದ ಪ್ರಮಾಣ ಏರಿದ್ದುದನ್ನು ಬರೆದಿರುವ ಚೀಟಿ ಮೊಳೆಯ ಮೇಲಿನ ಚೀಲದಲ್ಲಿ ಇದ್ದೇ ಇದೆ. ವೈದ್ಯರಿಗೆ ಅದು ಕಾಣಲಿಲ್ಲ. ಅತ್ತೆಗೆ ಅದರ ಅರ್ಥ ತಿಳಿಯಲಿಲ್ಲ. ಜ್ಞಾನವೂ ಇತ್ತು, ಔಷಧವೂ ಇತ್ತು. ಒಂದು ಸಂಖ್ಯೆ ಮಾತ್ರ ಬೇಕಾದ ಹೊತ್ತಿಗೆ ಬೇಕಾದ ಕಣ್ಣಿಗೆ ಬೀಳಲಿಲ್ಲ.

ತನ್ನ ದೇಹದ ಸಮಾಚಾರವನ್ನು ತಾನೇ ಇಟ್ಟುಕೊಂಡು, ತಿಳಿದುಕೊಂಡು, ಬೇಕಾದವರಿಗೆ ಬೇಕಾದಷ್ಟನ್ನು ತೋರಿಸುವುದಕ್ಕೆ ಸಾಮಾನ್ಯ ಮನುಷ್ಯನಿಗೆ ಎಂಥ ಸಾಧನ ಬೇಕು ಎಂಬುದು ಈಗ ಯಂತ್ರಶಾಸ್ತ್ರಜ್ಞರ ಮುಂದೆ ಒಂದು ದೊಡ್ಡ ಪ್ರಶ್ನೆಯಾಗಿದೆ. ಮೊಬೈಲ್ ಫೋನು ಬಂದ ಮೇಲೆ ಇದು ಬಲು ಸುಲಭವೆಂದು ಹಲವರು ಎಣಿಸಿದರು. ಅಷ್ಟು ಸುಲಭವಲ್ಲ. ಆದರೆ ಇದಕ್ಕೆ ಉತ್ತರ ಹುಡುಕುವ ಪ್ರಯತ್ನವು ಹೊಸದೂ ಅಲ್ಲ. ನಮ್ಮ ಮೈಸೂರು ಸೀಮೆಯಲ್ಲಿಯೇ ಅದಕ್ಕೊಂದು ಚರಿತ್ರೆಯಿದೆ.

ಎಲ್ಲಕ್ಕಿಂತ ಹಳೆಯ ದಾಖಲೆ ಚರ್ಮದ ಮೇಲಿನದು. ಐವತ್ತು ದಾಟಿದ ಅನೇಕರ ತೋಳಿನ ಮೇಲೆ ಸಿಡುಬಿಗೆ ದೇವಿ ಹಾಕಿಸಿದ ಗುರುತು ಇಂದಿಗೂ ಇದೆ. ಭಾರತದಲ್ಲಿ ಸಿಡುಬು 1975ರಲ್ಲಿ ಕೊನೆಗಂಡು, 1977ರಲ್ಲಿ ದೇಶವು ಅದರಿಂದ ಮುಕ್ತವೆಂದು ಘೋಷಿತವಾಯಿತು. ಆ ಹೋರಾಟದಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದ ಕೆಲಸಗಾರರು ಯಾರ ಕಾಗದವನ್ನೂ ಕೇಳಬೇಕಾಗಿರಲಿಲ್ಲ. ರಟ್ಟೆ ನೋಡಿದರೆ ಸಾಕಾಗಿತ್ತು. ಕಳೆದುಹೋಗದ, ಮಳೆಗೆ ನೆನೆಯದ, ಓದುಬಾರದವರೂ ಓದಬಲ್ಲ ದಾಖಲೆಯದು. ರಕ್ತದೊಳಗೂ ಇಂಥದೊಂದು ಲೆಕ್ಕ ಬರೆಯಲ್ಪಡುತ್ತಿದೆ. ರಕ್ತದಲ್ಲಿರುವ ಸಕ್ಕರೆ ಕೆಂಪು ಕಣಗಳ ಹೀಮೋಗ್ಲೋಬಿನ್ನಿಗೆ ಮೆಲ್ಲಗೆ ಅಂಟಿಕೊಳ್ಳುತ್ತದೆ, ಅಂಟಿದ್ದು ಬಿಡುವುದಿಲ್ಲ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಅಂಟಿಕೊಂಡ ಸಕ್ಕರೆಯ ಪಾಲನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಿಕ್ಕುತ್ತದೆ. ಎಚ್‌ಬಿಎ1ಸಿ ಎಂದು ಚೀಟಿಯಲ್ಲಿ ಬರೆಯುವುದು ಇದನ್ನೇ. ಪರೀಕ್ಷೆಯ ಹಿಂದಿನ ದಿನ ಮಾತ್ರ ಸಿಹಿ ಬಿಟ್ಟು ಬರುವ ಜಾಣರನ್ನು ಇದು ಹಿಡಿದುಕೊಡುತ್ತದೆ. ಆದರೆ ರಕ್ತಹೀನತೆಯಿದ್ದವರಲ್ಲಿ ಈ ಲೆಕ್ಕವೂ ತಪ್ಪುವುದುಂಟು. ಹಾಗಾಗಿ ಒಂದು ಸಂಖ್ಯೆಯನ್ನು ಓದುವುದಕ್ಕೆ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಬೇಕಾಗುತ್ತದೆ.

ಕಾಗದದ ದಾಖಲೆಗೆ ಬಂದರೆ, ಮೈಸೂರಿನ ಮಂಡಿ ಮೊಹಲ್ಲದಲ್ಲಿ ಮಿಷನ್ ಆಸ್ಪತ್ರೆಯೆಂದು ಜನ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಕಥೆಯನ್ನು ಹೇಳಲೇಬೇಕು. 1934ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಇವುಗಳನ್ನು ದಾದಿಯರು ಪುಸ್ತಕದಲ್ಲಿ ಬರೆದಿಡುತ್ತ ಬಂದರು. ಅದನ್ನು ಮುಂದೆ ಯಾರು ಓದಿಯಾರೆಂಬ ಯೋಚನೆ ಆಗ ಯಾರಿಗೂ ಇದ್ದಿರಲಾರದು. ಅರ್ಧ ಶತಮಾನ ಕಳೆದ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ 517 ಜನರನ್ನು ಪತ್ತೆಹಚ್ಚಿ ಅವರ ಹೃದಯವನ್ನು ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕದ ಗಮನವನ್ನು ಸೆಳೆಯಿತು: ಹುಟ್ಟುವಾಗ 2.5 ಕಿಲೋಗ್ರಾಂ ಅಥವಾ ಅದಕ್ಕೂ ಕಡಿಮೆ ತೂಗಿದ್ದವರಲ್ಲಿ ಶೇಕಡ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿದ್ದರೆ, 3.1 ಕಿಲೋಗ್ರಾಂ ಅಥವಾ ಅದಕ್ಕೂ ಹೆಚ್ಚು ತೂಗಿದ್ದವರಲ್ಲಿ ಅದು ಶೇಕಡ 3 ಮಾತ್ರ. ತಾಯಿಯ ಗರ್ಭದಲ್ಲಿ ಸಿಕ್ಕ ಆಹಾರಕ್ಕೂ ಮುದಿತನದ ಹೃದಯಕ್ಕೂ ಸಂಬಂಧವಿದೆಯೆಂಬ ವಾದಕ್ಕೆ ಭಾರತದಿಂದ ದೊರೆತ ಬಲವಾದ ಸಾಕ್ಷ್ಯವಿದು. ಯಾವ ಪ್ರಯೋಗಶಾಲೆಯಿಂದಲೂ ಬಂದುದಲ್ಲ. ಹೆರಿಗೆ ಕೋಣೆಯ ರಿಜಿಸ್ಟರಿನಿಂದ ಬಂದುದು.

ಈ ಪುಸ್ತಕದ ಹಿರಿಮೆಯನ್ನು ಒಪ್ಪಿಕೊಂಡೇ ಒಂದು ಮಾತನ್ನು ಕೇಳಬೇಕಾಗಿದೆ. ಅದರಲ್ಲಿ ಹೆಸರಿದ್ದವರಲ್ಲಿ ಎಷ್ಟು ಮಂದಿಗೆ ತಮ್ಮ ಹುಟ್ಟುತೂಕ ಗೊತ್ತಿತ್ತು? ದಾಖಲೆ ಭದ್ರವಾಗಿತ್ತು, ನಿಜ. ಅದು ಇದ್ದದ್ದು ಆಸ್ಪತ್ರೆಯ ಕಪಾಟಿನಲ್ಲಿ. ಆಸ್ಪತ್ರೆಗೆ ತಾನು ನೋಡಿದ ರೋಗಿಗಳೆಲ್ಲರ ಒಂದೊಂದು ದಿನ ಗೊತ್ತು. ಮನೆಗೆ ತನ್ನ ಒಬ್ಬ ರೋಗಿಯ ಎಲ್ಲ ದಿನಗಳೂ ಗೊತ್ತು. ಇವೆರಡು ಬೇರೆ ಬೇರೆ ಬಗೆಯ ಲೆಕ್ಕ. ಒಂದಕ್ಕಾಗಿ ಮಾಡಿದ ಸಾಧನ ಇನ್ನೊಂದಕ್ಕೆ ಒಗ್ಗುವುದಿಲ್ಲ. ಇಂದಿನ ಆರೋಗ್ಯ ಯಂತ್ರಗಳಲ್ಲಿ ಬಹುಪಾಲು ಸೋಲುವುದು ಈ ಭೇದವನ್ನು ಮರೆತುದರಿಂದ ಎಂಬುದು ನಮ್ಮ ಅಭಿಪ್ರಾಯ.

ಮನೆಯ ಕೈಗೆ ದಾಖಲೆಯನ್ನು ಕೊಡುವ ಪ್ರಯತ್ನಕ್ಕೆ ಪಕ್ಕದ ತಿರುಮಕೂಡಲು ನರಸೀಪುರವೇ ಸಾಕ್ಷಿ. 1975ರ ಅಕ್ಟೋಬರ್ 2ರಂದು ಭಾರತ ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಪ್ರಯೋಗಾರ್ಥವಾಗಿ ಆರಂಭಿಸಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ತಿ. ನರಸೀಪುರವನ್ನು, ಮೊದಲು ತೆರೆದದ್ದು 100 ಅಂಗನವಾಡಿಗಳು. ಕಾವೇರಿ ಕಪಿಲೆಯರ ಸಂಗಮದ ಆ ಊರುಗಳಲ್ಲಿ ಮಕ್ಕಳನ್ನು ತಕ್ಕಡಿಗೆ ತೂಗುಹಾಕಿ ತೂಕ ನೋಡುವ ಪದ್ಧತಿ ಹೀಗೆ ಬಂದಿತು. ಈ ಕೆಲಸದ ಮುಖ್ಯ ಸಾಧನ ತೂಕದ ರೇಖಾಪಟ. ಅಡ್ಡಲಾಗಿ ಮಗುವಿನ ವಯಸ್ಸು ತಿಂಗಳುಗಳಲ್ಲಿ, ಮೇಲ್ಮುಖವಾಗಿ ತೂಕ ಕಿಲೋಗ್ರಾಂಗಳಲ್ಲಿ. ತಿಂಗಳಿಗೊಂದು ಚುಕ್ಕೆ ಇಟ್ಟು ಚುಕ್ಕೆಗಳನ್ನು ಸೇರಿಸಿದರೆ ಒಂದು ಗೆರೆ. ಹಿನ್ನೆಲೆಯಲ್ಲಿ ಬಣ್ಣದ ಪಟ್ಟೆಗಳು: ಹಸಿರು, ಅದರ ಕೆಳಗೆ ಹಳದಿ, ಅದಕ್ಕೂ ಕೆಳಗೆ ಕಿತ್ತಳೆ. ಈಗ ಬಳಕೆಯಲ್ಲಿರುವ ಪಟ್ಟೆಗಳು ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಹೊರತಂದ ಮಾನಕ್ಕೆ ಅನುಗುಣವಾದವು. ಭಾರತವೂ ಸೇರಿ ಆರು ದೇಶಗಳ ಮಕ್ಕಳನ್ನು ಅಳೆದು ಸಿದ್ಧಪಡಿಸಿದ ಮಾನವದು.

ಈ ಸರಳವಾದ ಚಿತ್ರದ ಚಮತ್ಕಾರವನ್ನು ಒಂದು ಉದಾಹರಣೆಯಿಂದ ನೋಡೋಣ. ಹೆಣ್ಣುಮಗುವೊಂದು ಆರನೆಯ ತಿಂಗಳಲ್ಲಿ 6.5 ಕಿಲೋಗ್ರಾಂ, ಏಳನೆಯದರಲ್ಲಿ 6.6, ಎಂಟನೆಯದರಲ್ಲಿ ಮತ್ತೆ 6.5 ತೂಗಿತೆನ್ನೋಣ. ಮೂರು ಚುಕ್ಕೆಗಳೂ ಹಸಿರಿನಲ್ಲಿಯೇ ಬೀಳುತ್ತವೆ. ಎಂಟನೆಯ ತಿಂಗಳ ಚೀಟಿಯೊಂದನ್ನೇ ನೋಡಿದವರು ಮಗು ಚೆನ್ನಾಗಿದೆಯೆಂದು ಹೇಳಿ ಕಳುಹಿಸುತ್ತಾರೆ. ಆದರೆ ಗೆರೆಯನ್ನು ನೋಡಿದವರಿಗೆ ಅದು ಮೇಲಕ್ಕೆ ಏರುವುದನ್ನು ಬಿಟ್ಟು ಅಡ್ಡಲಾಗಿ ಮಲಗಿರುವುದು ಒಡನೆಯೇ ಕಾಣುತ್ತದೆ. ಮಗುವಿಗೆ ಭೇದಿಯಾಗಿರಬಹುದು, ಎದೆಹಾಲಿನ ಜೊತೆಗೆ ಮೆತ್ತನೆಯ ಊಟ ತಿನ್ನಿಸುವುದು ಸಾಲದೆ ಇರಬಹುದು. ಹಳದಿಗೆ ಇಳಿಯುವುದಕ್ಕೆ ಮುಂಚೆಯೇ ಎಚ್ಚರಿಕೆ ಸಿಕ್ಕಿತು. ಚುಕ್ಕೆಯು ಎಲ್ಲಿದೆ ಎಂಬುದಕ್ಕಿಂತ ಗೆರೆಯು ಎತ್ತ ಹೋಗುತ್ತಿದೆ ಎಂಬುದು ಮುಖ್ಯ. ಇದನ್ನು ತಿಳಿಯಲು ತಾಯಿಗೆ ಅಕ್ಷರ ಬರಬೇಕಾಗಿಲ್ಲ, ದಶಾಂಶದ ಲೆಕ್ಕವೂ ಬೇಕಿಲ್ಲ.

ಇಂಥ ಪಟವನ್ನು ತಾಯಿಯ ಕೈಯಲ್ಲಿಯೇ ಬಿಡಬೇಕೆಂಬುದನ್ನು ಜಗತ್ತಿಗೆ ಮನಗಾಣಿಸಿದವರಲ್ಲಿ ಡೇವಿಡ್ ಮಾರ್ಲೆ ಎಂಬ ಇಂಗ್ಲಿಷ್ ಮಕ್ಕಳ ವೈದ್ಯರು ಪ್ರಮುಖರು. 1950ರ ದಶಕದಲ್ಲಿ ನೈಜೀರಿಯದ ಹಳ್ಳಿಗಳಲ್ಲಿ ಕೆಲಸಮಾಡಿ ಅವರು ಈ ಪಟವನ್ನು ರೂಪಿಸಿದರು. ಮನೆಯಲ್ಲಿ ಕೆಡದಿರಲೆಂದು ಅದಕ್ಕೆ ಪಾಲಿಥೀನಿನ ಲಕೋಟೆಯನ್ನೂ ಜೊತೆಮಾಡಿದರು. ಜಪಾನಿನಲ್ಲಿ ಬಸುರಿಯರಿಗೆ ಕೈಪುಸ್ತಕ ಕೊಡುವ ಕ್ರಮ 1942ರಷ್ಟು ಹಿಂದೆಯೇ ಹುಟ್ಟಿ, 1948ರಲ್ಲಿ ತಾಯಿಗೂ ಮಗುವಿಗೂ ಸೇರಿ ಒಂದೇ ಪುಸ್ತಕವಾಯಿತು. ನಮ್ಮ ತಾಯಿ ಕಾರ್ಡು ಇದೇ ಕುಲದ್ದು. ಬದನವಾಳಿನ ಆ ಚೀಲದಲ್ಲಿ ಎಲ್ಲಕ್ಕಿಂತ ಜೋಪಾನವಾಗಿರುವ ಕಾಗದವೂ ಅದೇ ಆಗಿರುತ್ತದೆ. ಆಶಾ ಕಾರ್ಯಕರ್ತೆ ಕೇಳುತ್ತಾಳೆ, ಸಿಸ್ಟರ್ ಕೇಳುತ್ತಾರೆ, ಹೆರಿಗೆಗೆ ಹೋದಾಗ ಕೇಳುತ್ತಾರೆ. ಕೇಳುವವರು ಇದ್ದಾರೆಂದು ಗೊತ್ತಾದರೆ ಜನ ಕಾಗದವನ್ನು ಜೋಪಾನ ಮಾಡುತ್ತಾರೆ. ಯಾರೂ ಕೇಳದ ಚೀಟಿ ಒಲೆಗೆ ಹೋಗುತ್ತದೆ. 2021ರ ಮಾರ್ಚಿಯಿಂದ ಅಂಗನವಾಡಿ ಕಾರ್ಯಕರ್ತೆಯರು ತೂಕವನ್ನು ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಸಾಧನದಲ್ಲಿ ಬರೆಯತೊಡಗಿದ್ದಾರೆ. ಗೆರೆಯನ್ನು ಫೋನೇ ಎಳೆಯುತ್ತದೆ, ತಪ್ಪಿಲ್ಲದೆ ಎಳೆಯುತ್ತದೆ. ತಾಯಿ ಕಾರ್ಡಿನಲ್ಲಿಯೂ ರೇಖಾಪಟಕ್ಕೆ ಜಾಗವಿದೆ. ಆದರೆ ಅದರ ಮೇಲೆ ಚುಕ್ಕೆಯಿಡಲು ಕಾರ್ಯಕರ್ತೆಗೆ ಬಿಡುವಿರಬೇಕು. ಎರಡು ಕಡೆ ಬರೆಯುವ ಶ್ರಮದಲ್ಲಿ ಮೊದಲು ಬಿಟ್ಟುಹೋಗುವುದು ಯಾವುದೆಂದು ಊಹಿಸಲು ಕಷ್ಟವಿಲ್ಲ. ಕಚೇರಿಗೆ ಗೆರೆ ಕಂಡು ತಾಯಿಗೆ ಕಾಣದೆ ಹೋದರೆ ಯಂತ್ರದಿಂದ ಲಾಭವಾದದ್ದು ಯಾರಿಗೆ?

ಯಾವ ಸಂಸ್ಥೆಯೂ ಪ್ರಚಾರ ಮಾಡದೆ ತಾನಾಗಿ ಗೆದ್ದ ಒಂದು ಸಾಧನವನ್ನೂ ಇಲ್ಲಿ ನೆನೆಯಬೇಕು. ಹಳೆಯ ಔಷಧದ ಚೀಟಿಗಳಲ್ಲಿ ಬಿ.ಡಿ., ಟಿ.ಡಿ.ಎಸ್., ಎಚ್.ಎಸ್. ಎಂಬ ಸಂಕೇತಗಳಿರುತ್ತಿದ್ದವು, ಇವು ಲ್ಯಾಟಿನ್ ಭಾಷೆಯ ಶಬ್ದಗಳ ಮೊದಲಕ್ಷರಗಳು. ದಿನಕ್ಕೆ ಎರಡು ಸಲ, ಮೂರು ಸಲ, ಮಲಗುವ ಹೊತ್ತಿಗೆ ಎಂದು ಅರ್ಥ. ನಂಜುಂಡೇಶ್ವರನನ್ನು ಹಕೀಮ ನಂಜುಂಡನೆಂದು ಟಿಪ್ಪು ಸುಲ್ತಾನನು ಕರೆದನೆಂಬ ಐತಿಹ್ಯವಿರುವ ಸೀಮೆಯಲ್ಲಿ, 1913ರಿಂದ ಹಲ್ಲುಪುಡಿಗೆ ಹೆಸರಾದ ಸದ್ವೈದ್ಯಶಾಲೆಯ ಊರಿನಲ್ಲಿ, ರೋಮನರ ಭಾಷೆಗೇನು ಕೆಲಸ? ಈಗ ವೈದ್ಯರು 1-0-1 ಎಂದು ಬರೆಯುತ್ತಾರೆ. ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಸೂರ್ಯನ ಗತಿಯೇ ಓದುವ ದಿಕ್ಕು. ಅಂಕಿಯನ್ನೂ ಅರಿಯದವರಿಗೆ ಔಷಧದ ಅಂಗಡಿಯವನು ಮಾತ್ರೆಯ ಹಾಳೆಯ ಮೇಲೆ ಪೆನ್ನಿನಿಂದ ಗೆರೆಗಳನ್ನು ಎಳೆದುಕೊಡುತ್ತಾನೆ. ಅದೇ ಅಂಗಡಿಯವನು ಹತ್ತರ ಹಾಳೆಯಲ್ಲಿ ನಾಲ್ಕನ್ನು ಕತ್ತರಿಸಿ ಕೊಡುವಾಗ ಔಷಧದ ಹೆಸರೋ ಅವಧಿ ಮುಗಿಯುವ ದಿನಾಂಕವೋ ಉಳಿದ ಆರರ ಜೊತೆ ಅಂಗಡಿಯಲ್ಲಿಯೇ ಉಳಿದುಬಿಡುತ್ತದೆ. ಒಂದೇ ಕತ್ತರಿಯಿಂದ ಒಂದು ದಾಖಲೆ ನಾಶವಾಯಿತು.

ಮಾತ್ರೆಯ ಹಾಳೆಯನ್ನೇ ದಾಖಲೆಯನ್ನಾಗಿ ಮಾಡಿದ ಜಾಣತನವೂ ಕರ್ನಾಟಕದಲ್ಲಿ ನಡೆದಿದೆ. ಕ್ಷಯರೋಗಕ್ಕೆ ಆರು ತಿಂಗಳು ತಪ್ಪದೆ ಔಷಧ ನುಂಗಬೇಕು. ನಡುವೆ ಬಿಟ್ಟರೆ ರೋಗಾಣು ಔಷಧಕ್ಕೆ ಬಗ್ಗದಂತಾಗಬಹುದು. ಬೆಂಗಳೂರಿನಲ್ಲಿ ರೂಪುಗೊಂಡ 99ಡಾಟ್ಸ್ ಎಂಬ ವಿಧಾನದಲ್ಲಿ ಮಾತ್ರೆಯ ಹಾಳೆಗೆ ರಟ್ಟಿನ ಹೊದಿಕೆ ಹಾಕಿರುತ್ತದೆ. ಮಾತ್ರೆಯನ್ನು ಒತ್ತಿ ಹೊರತೆಗೆದಾಗ ಹೊದಿಕೆಯ ಹಿಂದೆ ಅಡಗಿದ್ದ ಒಂದು ಫೋನ್ ಸಂಖ್ಯೆ ಕಾಣುತ್ತದೆ. ಆ ಸಂಖ್ಯೆಗೆ ಕರೆ ಮಾಡಿದರೆ, ಖರ್ಚಿಲ್ಲದೆ, ಇಂದಿನ ಮಾತ್ರೆ ತೆಗೆದುಕೊಂಡದ್ದು ಆಸ್ಪತ್ರೆಗೆ ತಿಳಿಯುತ್ತದೆ. ಮಿಸ್ಡ್ ಕಾಲ್ ಕೊಡುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲವಷ್ಟೆ! ಅತಿ ಅಗ್ಗದ ಫೋನಿನಿಂದಲೂ ಇದು ಸಾಧ್ಯ. ಆದರೆ ಮಾತ್ರೆಯನ್ನು ತೆಗೆದವನೆಲ್ಲ ನುಂಗಿಯೇ ತೀರುತ್ತಾನೆಂದಿಲ್ಲ. ನುಂಗಿದವನೆಲ್ಲ ಕರೆ ಮಾಡುವುದೂ ಇಲ್ಲ. ಮುಂದೆ ಕೆಲವು ನಗರಗಳಲ್ಲಿ ರೋಗಿಗಳ ಮೂತ್ರಪರೀಕ್ಷೆ ಮಾಡಿ ತಾಳೆ ನೋಡಿದಾಗ ಕರೆಗೂ ನುಂಗಿದ್ದಕ್ಕೂ ಎಷ್ಟೋ ಸಲ ಹೊಂದಿಕೆಯಾಗಲಿಲ್ಲ. ಲೆಕ್ಕವು ಕೇಳಿದವರಿಗಾಗಿ ನಡೆಯಿತು. ನುಂಗುವವನಿಗೆ ಆ ಲೆಕ್ಕದಿಂದ ಮರಳಿ ಸಿಕ್ಕಿದ್ದು ಕಡಿಮೆ.

ಇನ್ನು ಇಂದಿನ ದೊಡ್ಡ ಪ್ರಯತ್ನಕ್ಕೆ ಬರೋಣ. 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನಲ್ಲಿ, ಇಷ್ಟವಿದ್ದವರಿಗೆ ಆಭಾ ಎಂಬ 14 ಅಂಕಿಗಳ ಸಂಖ್ಯೆಯನ್ನು ಕೊಡುತ್ತಾರೆ. ಚಿಕಿತ್ಸೆಯ ಖರ್ಚು ಭರಿಸುವ ಆಯುಷ್ಮಾನ್ ಕಾರ್ಡೇ ಬೇರೆ, ಇದೇ ಬೇರೆ. ಹೆಸರಿನ ಸಾಮ್ಯದಿಂದ ಜನ ಎರಡನ್ನೂ ಒಂದೆಂದು ತಿಳಿಯುತ್ತಾರೆ. ಆಭಾದಿಂದ ಹಣ ಬರುವುದಿಲ್ಲ. ಬರುವುದು ಕಾಗದಗಳ ಪತ್ತೆ. ಇದರ ರಚನೆಯಲ್ಲಿ ಮೆಚ್ಚತಕ್ಕ ಅಂಶವೊಂದಿದೆ. ಎಲ್ಲರ ದಾಖಲೆಗಳನ್ನೂ ತಂದು ದಿಲ್ಲಿಯ ಒಂದು ಉಗ್ರಾಣದಲ್ಲಿ ತುಂಬುವುದಿಲ್ಲ. ಮೈಸೂರಿನ ಆಸ್ಪತ್ರೆಯ ದಾಖಲೆ ಮೈಸೂರಿನ ಆಸ್ಪತ್ರೆಯಲ್ಲಿಯೇ ಇರುತ್ತದೆ. ನಂಜನಗೂಡಿನ ವೈದ್ಯರಿಗೆ ಅದು ಬೇಕಾದರೆ ರೋಗಿಯ ಫೋನಿಗೆ ಕೋರಿಕೆ ಬರುತ್ತದೆ: ಯಾರು ಕೇಳುತ್ತಿದ್ದಾರೆ, ಯಾತಕ್ಕೆ, ಯಾವ ದಿನದಿಂದ ಯಾವ ದಿನದವರೆಗಿನ ಕಾಗದಗಳು, ಎಷ್ಟು ಕಾಲ ನೋಡಬಹುದು ಎಂಬಿಷ್ಟೂ ಅದರಲ್ಲಿರುತ್ತದೆ. ರೋಗಿ ಸಮ್ಮತಿಸಿದರೆ ದಾಖಲೆಯು ಗೂಢಲಿಪಿಯಲ್ಲಿ ಹಾದು ಬರುತ್ತದೆ. ಕೊಟ್ಟ ಸಮ್ಮತಿಯನ್ನು ಹಿಂದಕ್ಕೆ ಪಡೆಯಬಹುದು. ಅಂಚೆಯವನು ಲಕೋಟೆಯನ್ನು ತಲುಪಿಸುತ್ತಾನೆ, ಒಡೆದು ಓದುವುದಿಲ್ಲ; ಹಾಗೆ. ನಾವು ಹೇಳಿದ ಕ್ರಿಯಾಟಿನಿನ್ನಿನ ಚೀಟಿ ಈ ಮಾರ್ಗದಿಂದ ಮಂಡಿನೋವಿನ ವೈದ್ಯರ ಮುಂದೆ ಅರೆನಿಮಿಷದಲ್ಲಿ ಬರಬಹುದಾಗಿತ್ತು, ಮೂರು ಕಡೆಯವರೂ ಈ ಜಾಲಕ್ಕೆ ಸೇರಿದ್ದಿದ್ದರೆ.

ಕಾಗದದ ಮೇಲೆ ಇಷ್ಟು ಚೆಲುವಾದ ರಚನೆಗೆ ಹಳ್ಳಿಯ ಮನೆಯಲ್ಲಿ ಎದುರಾಗುವ ಅಡ್ಡಿ ಒಂದು ಚಿಕ್ಕ ಸಂಖ್ಯೆ: ಒಟಿಪಿ. ಸಮ್ಮತಿಯ ಬೀಗದ ಕೈ ಅದು. ಬರುವುದು ನೋಂದಾಯಿಸಿದ ಫೋನಿಗೆ. ಅತ್ತೆಯ ಹೆಸರಿಗೆ ನೋಂದಾಯಿಸಿರುವುದು ಮಗನ ಫೋನನ್ನು. ಮಗ ಕೆಲಸಕ್ಕೆಂದು ಬೆಂಗಳೂರಿನಲ್ಲಿದ್ದಾನೆ. ಆತ ಫೋನ್ ಎತ್ತಿ ಸಂಖ್ಯೆಯನ್ನು ಓದಿ ಹೇಳಿದರೆ ಅತ್ತೆಯ ದಾಖಲೆ ತೆರೆಯುತ್ತದೆ. ಹಾಗಾದರೆ ಸಮ್ಮತಿಸಿದವರು ಯಾರು? ಇನ್ನು ಫೋನು ಮನೆಯಲ್ಲಿಯೇ ಇದ್ದರೂ ಅದು ಎಲ್ಲರದು: ಮಕ್ಕಳ ಆಟಕ್ಕೂ ಅದೇ, ಹಾಲಿನ ಲೆಕ್ಕಕ್ಕೂ ಅದೇ. ಒಬ್ಬ ಮನುಷ್ಯನಿಗೆ ಒಂದು ಫೋನೆಂಬ ಕಲ್ಪನೆ ಇದನ್ನು ರೂಪಿಸಿದ ಕೋಣೆಯಲ್ಲಿ ಸಹಜವಾಗಿತ್ತು. ಬದನವಾಳಿನಲ್ಲಿ ಅದು ಸಹಜವಲ್ಲ. ರಾಟೆಯ ಮಾತನ್ನು ನೆನಪಿಡಿರೆಂದು ನಾವು ಕೋರಿದ್ದು ಇದಕ್ಕಾಗಿಯೇ. ತನ್ನ ಕಾಗದದ ಚೀಲವನ್ನು ಆಕೆ ತಾನೇ ತೆರೆಯಬಲ್ಲಳು. ಈ ಹೊಸ ಚೀಲವನ್ನು ತೆರೆಯಲು ಮಗನನ್ನು ಕೂಗಬೇಕು.

ಮನೆಯವರಿಗೂ ಹೇಳಬಾರದ ಸಂಗತಿಗಳು ಆರೋಗ್ಯದಲ್ಲಿವೆ ಎಂಬುದನ್ನು ಮರೆಯುವಂತಿಲ್ಲ. 2023ರ ಜುಲೈ 1ರಂದು ಕೇಂದ್ರ ಸರ್ಕಾರವು ಕುಡುಗೋಲು ಕಣದ ರಕ್ತಹೀನತೆಯ ನಿರ್ಮೂಲನಕ್ಕೆ ಕಾರ್ಯಕ್ರಮವೊಂದನ್ನು ಆರಂಭಿಸಿತು. ಮೈಸೂರು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನಲ್ಲಿ ವಾಸಿಸುವ ಬುಡಕಟ್ಟಿನವರಲ್ಲಿಯೂ ಈ ರೋಗವಿದೆ. ತಂದೆತಾಯಿಗಳಿಬ್ಬರೂ ದೋಷವಾಹಕರಾಗಿದ್ದರೆ ಪ್ರತಿಯೊಂದು ಹೆರಿಗೆಯಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಆದ್ದರಿಂದ ರಕ್ತ ಪರೀಕ್ಷಿಸಿ ಕಾರ್ಡು ಕೊಟ್ಟು, ಮದುವೆಗೆ ಮುಂಚೆ ಅದನ್ನು ನೋಡಿಕೊಳ್ಳಿರೆಂದು ತಿಳಿಹೇಳುತ್ತಾರೆ. ಉದ್ದೇಶ ಒಳ್ಳೆಯದು. ಆದರೆ ದೋಷವಾಹಕಳೆಂದರೆ ರೋಗಿಯಲ್ಲ, ಆಕೆ ಆರೋಗ್ಯವಂತಳೇ ಎಂಬ ಅರ್ಧವನ್ನು ಊರು ಕೇಳಿಸಿಕೊಳ್ಳದೆ, ಕಾರ್ಡು ಇದೆ ಎಂಬ ಅರ್ಧವನ್ನಷ್ಟೇ ಹಿಡಿದುಕೊಂಡರೆ ಒಬ್ಬ ಹುಡುಗಿಯ ಬಾಳು ಕೆಡುತ್ತದೆ. ಹುಡುಗನಿಗಿಂತ ಹುಡುಗಿಗೇ ಹೆಚ್ಚು ಕೆಡುತ್ತದೆ. ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ತೀರ್ಪಿಗೆ ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ಇದರ ಬಗ್ಗೆ ಕಾಯಿದೆಯೂ ಆಯಿತು. ಆದರೆ ಕಾಯಿದೆಯು ಕಂಪನಿಯನ್ನು ತಡೆಯಬಲ್ಲುದು. ನೆರೆಮನೆಯವರ ಕಣ್ಣನ್ನು ತಡೆಯಬೇಕಾದದ್ದು ಕಾರ್ಡಿನ ರಚನೆ.

ತಿಳಿಸಿದರೆ ಜನ ಗಾಬರಿಯಾಗುತ್ತಾರೆ, ಆದ್ದರಿಂದ ವೈದ್ಯರ ಬರಹ ವೈದ್ಯರಿಗೇ ಇರಲಿ ಎಂಬ ವಾದವೂ ಉಂಟು. 2010ರಲ್ಲಿ ಅಮೆರಿಕದ ಮೂರು ಕಡೆ 105 ವೈದ್ಯರು ತಮ್ಮ ಟಿಪ್ಪಣಿಗಳನ್ನು ರೋಗಿಗಳಿಗೆ ತೆರೆದಿಟ್ಟು ನೋಡಿದರು. ಎರಡು ವರ್ಷಗಳ ತರುವಾಯ ಪ್ರಕಟವಾದ ವರದಿಯ ಪ್ರಕಾರ, ಓದಿದವರಲ್ಲಿ ಬಹುಮಂದಿ ತಮ್ಮ ಔಷಧವನ್ನು ಮೊದಲಿಗಿಂತ ಸರಿಯಾಗಿ ತೆಗೆದುಕೊಳ್ಳುತ್ತಿದ್ದೇವೆಂದು ಹೇಳಿದರು. ವೈದ್ಯರು ಹೆದರಿದಷ್ಟು ತೊಂದರೆಯೇನೂ ಆಗಲಿಲ್ಲ. ಅಲ್ಲಿ ರೋಗಿಯೂ ವೈದ್ಯನೂ ಒಂದೇ ಭಾಷೆಯಲ್ಲಿ ಓದುತ್ತಾರೆ. ನಮ್ಮಲ್ಲಿ ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಕೊಡುವ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದರ ಕೊನೆಗೆ ನಾಲ್ಕು ಸಾಲು ಕನ್ನಡ ಇರಬೇಕೆಂದು ಕೇಳುವುದಕ್ಕೆ ಯಾವ ಹೊಸ ಯಂತ್ರವೂ ಬೇಕಿಲ್ಲ. ಬರಹವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಹೇಳುವ ಶಕ್ತಿ ಈಗ ಫೋನುಗಳಿಗೆ ಬಂದಿದೆ. ಓದುಬಾರದ ಅತ್ತೆಗೆ ಇದು ಎಷ್ಟು ದೊಡ್ಡ ನೆರವು! ಆದರೆ ಓದಿಹೇಳುವ ಧ್ವನಿ ಪಡಸಾಲೆಗೆಲ್ಲ ಕೇಳಿಸುತ್ತದೆ ಎಂಬುದನ್ನೂ ರೂಪಿಸುವವರು ಎಣಿಸಬೇಕು.

ಅಂಥ ಸಾಧನ ಸಿದ್ಧವಾಗಿ ಬರುವವರೆಗೆ ಮೊಳೆಯ ಮೇಲಿನ ಚೀಲವನ್ನೇ ಸುಧಾರಿಸಿಕೊಳ್ಳಬಹುದು. ಇ.ಸಿ.ಜಿ. ಮತ್ತು ಅನೇಕ ರಸೀತಿಗಳನ್ನು ಮುದ್ರಿಸುವುದು ಶಾಖಕ್ಕೆ ಕಪ್ಪಾಗುವ ಲೇಪವಿರುವ ಕಾಗದದ ಮೇಲೆ. ಹೆಂಚಿನ ಮನೆಯ ಬೇಸಗೆಯ ಕಾವಿಗೆ ಅದರ ಬರಹ ಮಾಸುತ್ತದೆ. ಭದ್ರವಾಗಿರಲೆಂದು ಪ್ಲಾಸ್ಟಿಕ್ ಕವರಿನೊಳಗೆ ಹಾಕಿದರೆ, ಕೆಲವು ಬಗೆಯ ಪ್ಲಾಸ್ಟಿಕ್ಕಿನಲ್ಲಿರುವ ಮೃದುಕಾರಕ ಪದಾರ್ಥಗಳು ತಗಲಿ ಇನ್ನೂ ಬೇಗ ಮಾಸುತ್ತದೆ. ಆದುದರಿಂದ ತಂದ ದಿನವೇ ಅದರ ಜೆರಾಕ್ಸ್ ಮಾಡಿಸಬೇಕು, ಇಲ್ಲವೆ ಫೋನಿನಲ್ಲಿ ಫೋಟೋ ತೆಗೆದಿಡಬೇಕು. ಚೀಲದಲ್ಲಿ ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಲಕೋಟೆ ಇರಲಿ. ಪ್ರತಿ ಲಕೋಟೆಯ ಮೇಲ್ಗಡೆ ಒಂದೇ ಒಂದು ಹಾಳೆ: ಹೆಸರು, ಹುಟ್ಟಿದ ವರ್ಷ, ಯಾವ ಔಷಧ ಒಗ್ಗುವುದಿಲ್ಲ, ಯಾವ ದೀರ್ಘಕಾಲದ ಕಾಯಿಲೆಯಿದೆ, ಸಕ್ಕರೆ, ರಕ್ತದೊತ್ತಡ, ಕ್ರಿಯಾಟಿನಿನ್ ಇವುಗಳ ಈಚಿನ ಅಂಕಿಗಳು ಮತ್ತು ಅವುಗಳ ದಿನಾಂಕ. ಕೆಳಗೆ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು, ಒಂದೊಂದರ ಮುಂದೆ ಅದು ಯಾತಕ್ಕೆಂಬುದು ಕನ್ನಡದಲ್ಲಿ, 1-0-1ರ ಕ್ರಮದಲ್ಲಿ ಹೊತ್ತು. ಬರೆಯುವ ಕೆಲಸವನ್ನು ಶಾಲೆಗೆ ಹೋಗುವ ಮೊಮ್ಮಗಳಿಗೆ ಕೊಡಬಹುದು. ತಾಳೆ ನೋಡಲು ಆಶಾ ಕಾರ್ಯಕರ್ತೆಗೋ ಸಿಸ್ಟರಿಗೋ ತೋರಿಸಬೇಕು. ವೈದ್ಯರು ಒಂದು ಮಾತ್ರೆಯನ್ನು ನಿಲ್ಲಿಸಿದರೆ ಅದರ ಹೆಸರನ್ನು ಗೀಚಿ ಅಳಿಸಬಾರದು. ಒಂದು ತೆಳುವಾದ ಅಡ್ಡಗೆರೆ ಎಳೆದು ಪಕ್ಕದಲ್ಲಿ ನಿಲ್ಲಿಸಿದ ದಿನವನ್ನು ಬರೆದರೆ, ಏನನ್ನು ಯಾವಾಗ ಬಿಡಿಸಿದರೆಂಬುದು ಮುಂದಿನ ವೈದ್ಯರಿಗೆ ಓದಲು ಉಳಿದಿರುತ್ತದೆ.